ನಾವು ಓದಿದ ಕೆಲವು ಪುಸ್ತಕಗಳು

(ಡೊಂಬಿವಲಿ ಎಂಐಡಿಸಿಯಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಯ ಮುಂದೆ ಒಂದು ಸೂಚನೆ ಬಂದಿದೆ. ನಮ್ಮ ಸಂಘದ ಕೋಣೆಯ ಎರಡು ಕಬ್ಬಿಣದ ಕಪಾಟುಗಳಲ್ಲಿರುವ ಕನ್ನಡ ಪುಸ್ತಕಗಳನ್ನು ಈಗ ಯಾರೂ ಒಯ್ಯುತ್ತಿಲ್ಲ, ಕೋಣೆ ಚಿಕ್ಕದು, ಆದುದರಿಂದ ಅವುಗಳನ್ನು ರದ್ದಿಗೆ ಕೊಟ್ಟು ಆ ಜಾಗದಲ್ಲಿ ಕುರ್ಚಿಗಳನ್ನು ಹಾಕಬೇಕು ಎಂಬುದು ಆ ಸೂಚನೆ. ತಂದವರು ನಮ್ಮ ಮಿತ್ರರೇ. ಅವರ ಲೆಕ್ಕವೂ ತಪ್ಪಲ್ಲ. ವಾಚನಾಲಯದ ವಹಿಯನ್ನು ತೆರೆದರೆ ಕಳೆದ ವರ್ಷ ಪುಸ್ತಕ ಒಯ್ದವರನ್ನು ಕೈಬೆರಳಲ್ಲಿ ಎಣಿಸಬಹುದು. "ನೀವು ಆ ಪುಸ್ತಕಗಳನ್ನು ಓದಿದವರಲ್ಲವೆ? ಅವುಗಳಲ್ಲಿ ಏನಿದೆ ಎಂದು ನಾಲ್ಕು ಮಾತು ಹೇಳಿ, ಆಮೇಲೆ ಸಭೆ ತೀರ್ಮಾನಿಸಲಿ" ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಅದಕ್ಕಾಗಿ ನಿಂತಿದ್ದೇವೆ.

ನಾವು ವಿದ್ವಾಂಸರಲ್ಲ. ಏಳನೆಯ ತರಗತಿ ಮುಗಿಸಿ ಮುಂಬಯಿ ಬಸ್ಸು ಹತ್ತಿದವರು. ಮೊದಲು ಮೋರಿಯಲ್ಲಿ ಪಾತ್ರೆ ತೊಳೆದು, ಆಮೇಲೆ ಮೇಜು ಒರೆಸಿ, ಆಮೇಲೆ ವೇಟರ್ ಆಗಿ, ಕೊನೆಗೆ ಸಂಘದ ಕೆಲಸಕ್ಕೆ ಬಂದವರು. ಆದುದರಿಂದ ಇಲ್ಲಿ ಹೇಳುವುದು ಪಂಡಿತರ ವಿಮರ್ಶೆಯಲ್ಲ. ಮೋರಿಯ ಕಡೆಯಿಂದ ಪುಸ್ತಕ ನೋಡಿದವರ ಅಭಿಪ್ರಾಯ. ಒಪ್ಪದವರು ಎದ್ದು ನಿಂತು ಹೇಳಬಹುದು.

ಮೊದಲು ಒಂದು ತಪ್ಪೊಪ್ಪಿಗೆ. ನಾವು ಕೆಲಸ ಮಾಡುತ್ತಿದ್ದ ಒಂದು ಹೋಟೆಲಿನಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರು 19 ವರ್ಷ ಮೋರಿಯಲ್ಲಿದ್ದರು. ನೀರಿನಲ್ಲಿ ನಿಂತು ನಿಂತು ಅವರ ಕಾಲ್ಬೆರಳುಗಳ ಸಂದು ಹುಣ್ಣಾಗಿತ್ತು. ಒಂದು ದಿನ ಗಲ್ಲೆಯ ಬಳಿ ಅವರನ್ನು ಕರೆದು ಒಂದು ತಿಂಗಳ ಪಗಾರ ಎಣಿಸಿ ಕೊಟ್ಟು, ಒಂದು ಮರಾಠಿ ಕಾಗದ ಮುಂದಿಟ್ಟು, "ಸಹಿ ಹಾಕು" ಎಂದರು. ಅವರು ನಮ್ಮ ಕಡೆ ತಿರುಗಿ, "ಮಾಣಿ, ಇದ್ರಗೆ ಎಂತ ಬರ್ದಿತ್?" ಎಂದು ಕೇಳಿದರು. ಮರಾಠಿ ಅಕ್ಷರ ನಮಗೆ ಬರುತ್ತಿತ್ತು. ಆದರೆ ಆರನೆಯ ಮೇಜಿನವರು ಚಹಾಕ್ಕೆ ಕೂಗುತ್ತಿದ್ದರು. ನಾವು ಕಾಗದದ ಮೇಲೆ ಕಣ್ಣು ಹಾಯಿಸದೆಯೇ, "ಎಂತದೂ ಇಲ್ಲ ಅಣ್ಣಯ್ಯ, ಹಾಕಿ ಬಿಡಿ" ಎಂದೆವು. ಅವರು ಹಾಕಿದರು. ಅದರಲ್ಲಿ, ತಾನಾಗಿಯೇ ಕೆಲಸ ಬಿಡುತ್ತಿದ್ದೇನೆ, ಬರಬೇಕಾದ ಬಾಕಿಯೆಲ್ಲ ಬಂದಿದೆ ಎಂದು ಬರೆದಿತ್ತು. 1972ರ ಗ್ರಾಚ್ಯುಯಿಟಿ ಕಾನೂನಿನ ಪ್ರಕಾರ ಐದು ವರ್ಷ ದುಡಿದವನಿಗೆ ವರ್ಷಕ್ಕೆ 15 ದಿನದ ಸಂಬಳದಂತೆ ಲೆಕ್ಕ ಹಾಕಿ ಕೊಡಬೇಕಿತ್ತು ಎಂಬುದು ನಮಗೆ ತಿಳಿದದ್ದು ಸಂಘಕ್ಕೆ ಬಂದ ಮೇಲೆ. ಊರಿಗೆ ಹೋದಾಗ ಅವರ ಮನೆಗೆ ಹೋಗಿ ಇದನ್ನು ಹೇಳಿದೆವು. ಕೋರ್ಟು ಕಚೇರಿ ಹತ್ತಲು ಅವರು ಒಪ್ಪಲಿಲ್ಲ. "ಹೋಯ್ತ್ ಬಿಡ್ ಮಾಣಿ. ಇನ್ನೊಬ್ರಿಗಾದ್ರೂ ಓದಿ ಹೇಳ್" ಎಂದರು.

ಬಂಧುಗಳೆ, ನಮಗೆ ಓದಲು ಬಾರದೆ ಹೀಗಾದದ್ದಲ್ಲ, ನಾವು ಓದಲಿಲ್ಲ. ಆ ವ್ಯತ್ಯಾಸ ಇಂದಿಗೂ ಚುಚ್ಚುತ್ತದೆ. ನಮ್ಮ ಪುಸ್ತಕದ ಹುಚ್ಚು ಶುರುವಾದದ್ದು ಅಲ್ಲಿಂದ.

ಪಾರ್ಸೆಲ್ ಕಟ್ಟಲು ಹೋಟೆಲಿಗೆ ರದ್ದಿ ತರಿಸುತ್ತಿದ್ದರಲ್ಲ, ಅದರ ಒಂದು ಕಟ್ಟಿನಲ್ಲಿ ರಟ್ಟು ಹೋದ ಒಂದು ಕನ್ನಡ ಪುಸ್ತಕ ಬಂತು. ಈ ಊರಿನ ಯಾವುದೋ ಹಳೆಯ ಕನ್ನಡ ಮನೆಯವರು ತೂಕಕ್ಕೆ ಹಾಕಿದ್ದಿರಬೇಕು. ಅದು ಶಿವರಾಮ ಕಾರಂತರ 'ಚೋಮನ ದುಡಿ'. 1933ರಲ್ಲಿ ಬಂದ ಕಾದಂಬರಿ. ಚೋಮ ಜೀತದಾಳು. ಅವನಲ್ಲಿ ಎತ್ತುಗಳಿವೆ, ಉಳಲು ಭೂಮಿಯಿಲ್ಲ, ಕೊಡುವವರೂ ಇಲ್ಲ. ಘಟ್ಟದ ಕಾಫಿ ತೋಟದಲ್ಲಿ ಅವನ ಹೆಸರಿಗೆ ಸಾಲ ಬರೆದಿದೆ. ಅದನ್ನು ತೀರಿಸಲು ಗಂಡುಮಕ್ಕಳು ಹೋಗುತ್ತಾರೆ. ಒಬ್ಬ ಜ್ವರಕ್ಕೆ ಬಲಿಯಾಗುತ್ತಾನೆ, ಇನ್ನೊಬ್ಬ ಬೇರೆ ದಾರಿ ಹಿಡಿಯುತ್ತಾನೆ. ಸಾಲ ಮಾತ್ರ ತೀರುವುದಿಲ್ಲ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಅವಳ ಮಾನ ಹೋದ ಮೇಲೆ ಸಾಲ ವಜಾ ಆಗುತ್ತದೆ. ಎಲ್ಲರೂ ಚೋಮನ ದುಡಿಯ ಸದ್ದನ್ನು ಹೊಗಳುತ್ತಾರೆ. ನಮ್ಮ ಕಣ್ಣಿಗೆ ಬಿದ್ದದ್ದು ಆ ತೋಟದ ಲೆಕ್ಕದ ವಹಿ. ಅದರಲ್ಲಿ ಏನು ಬರೆದಿದೆ ಎಂದು ಚೋಮನಿಗೆ ಓದಿ ಹೇಳುವವರು ಇರಲಿಲ್ಲ. ನಮ್ಮ ಅಣ್ಣಯ್ಯನಿಗೆ ಇದ್ದರು, ಅವರೂ ಹೇಳಲಿಲ್ಲ.

ಕಾರಂತರ ಇನ್ನೊಂದು ದೊಡ್ಡ ಕಾದಂಬರಿ 'ಮರಳಿ ಮಣ್ಣಿಗೆ'. ಕರಾವಳಿಯ ಒಂದು ಮನೆತನದ ಮೂರು ತಲೆಮಾರಿನ ಕತೆ. ಇದರಲ್ಲಿ ಹೋಟೆಲೂ ಬರುತ್ತದೆ. ರಾಮ ಐತಾಳರ ನೆರೆಯ ಶೀನಮಯ್ಯರ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲು ತೆರೆದು ಹಣ ಮಾಡುತ್ತಾರೆ. ಆ ಹಣದ ಠೀವಿಯನ್ನು ನೋಡಿ ಐತಾಳರಿಗೆ ಒಳಗೊಳಗೇ ಕುದಿ. ನಮ್ಮ ಕಡೆಯ ಊರುಗಳಲ್ಲಿ ಹೋಟೆಲಿನ ಹಣ ಮನೆಮನೆಗಳ ನಡುವೆ ಏನು ಮಾಡಿತು ಎಂಬುದನ್ನು ಇಷ್ಟು ಸರಿಯಾಗಿ ಬರೆದವರಿಲ್ಲ. ಆದರೆ ಒಂದು ತಕರಾರಿದೆ. ಆ ಬೆಂಗಳೂರಿನ ಹೋಟೆಲಿನಲ್ಲಿ ಲೋಟ ತೊಳೆದವನು ಯಾರು? ಕಾದಂಬರಿಯ ಕಣ್ಣು ಅವನ ಮೇಲೆ ನಿಲ್ಲುವುದಿಲ್ಲ. ಹಾಗೆಂದು ಕಾರಂತರಿಗೆ ದುಡಿಮೆ ಕಾಣುವುದಿಲ್ಲ ಎನ್ನಲಾರೆವು. ಆ ಮನೆಯ ಪಾರೋತಿ, ಸರಸೋತಿಯರ ದುಡಿತವನ್ನು ಅವರು ಬರೆದಂತೆ ಬರೆದವರು ಅಪೂರ್ವ. ಅದನ್ನು ಓದಿದ ರಾತ್ರಿ ನಮಗೆ ನಮ್ಮ ತಾಯಿಯ ನೆನಪು ಬಂದು ಪುಸ್ತಕ ಮುಚ್ಚಬೇಕಾಯಿತು. ಐತಾಳರ ಮೊಮ್ಮಗ ರಾಮ ಮದ್ರಾಸಿನಲ್ಲಿ ಓದಿ, ಮುಂಬಯಿಗೂ ಬಂದು ಅಲೆದು, ಕೊನೆಗೆ ಊರಿನ ಮಣ್ಣಿಗೆ ಮರಳುತ್ತಾನೆ. ಮರಳಲು ಅವನಿಗೆ ಮಣ್ಣಿತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಅದೂ ಇಲ್ಲ ಎಂಬುದನ್ನು ಈ ಪುಸ್ತಕ ಓದುವಾಗ ನೆನಪಿಡಬೇಕು.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರದು. ದಪ್ಪ ಪುಸ್ತಕ. ಇದರ ದಪ್ಪ ನೋಡಿಯೇ ನಮ್ಮವರು ಕಪಾಟಿನ ಬಾಗಿಲು ಹಾಕುತ್ತಾರೆ. ಆದರೆ ಆ ದೊಡ್ಡ ಕಾದಂಬರಿಯ ಬಾಗಿಲು ತೆರೆಯುವವನು ಯಾವ ಹೆಗ್ಗಡೆಯೂ ಅಲ್ಲ. ಗುತ್ತಿ ಎಂಬ ಜೀತದಾಳು ಮತ್ತು ಅವನ ನಾಯಿ ಹುಲಿಯ. ತಾನು ಮೆಚ್ಚಿದ ತಿಮ್ಮಿಯನ್ನು ಕರೆದೊಯ್ಯಲು ಅವನು ಕಾಡು ದಾಟಿ ನಡೆಯುತ್ತಾನೆ. ಆಳಿಗೂ ಒಂದು ಆಸೆ, ಒಂದು ಹಟ, ಒಂದು ನಾಯಿ ಇರುತ್ತದೆ ಎಂದು ಹೇಳಿದ್ದಕ್ಕೆ ನಾವು ಕುವೆಂಪು ಅವರಿಗೆ ಋಣಿಗಳು. ಜೀತ ಪದ್ಧತಿಯನ್ನು 1976ರ ಕಾನೂನು ರದ್ದು ಮಾಡಿದೆ. ಆದರೆ ಊರಿನ ಏಜೆಂಟನಿಂದ ಮುಂಗಡ ತೆಗೆದುಕೊಂಡು ಬಂದು, ಅದು ತೀರುವ ತನಕ ಅಟ್ಟದ ಮೇಲೆ ಮಲಗಿದ ಹುಡುಗರು ಈ ಸಭೆಯಲ್ಲಿಯೇ ಇದ್ದಾರೆ. ಅವರು ಗುತ್ತಿಯನ್ನು ಓದಬೇಕು.

ದೇವನೂರ ಮಹಾದೇವ ಅವರ 'ಒಡಲಾಳ' ಇದಕ್ಕೆ ವಿರುದ್ಧ, ತೆಳ್ಳಗಿನ ಪುಸ್ತಕ. ಸಾಕವ್ವ ಎಂಬ ಮುದುಕಿ ತನ್ನ ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಹುಡುಕುತ್ತಾಳೆ. ರಾತ್ರಿ ಮನೆಗೆ ಕದ್ದು ತಂದ ಒಂದು ಮೂಟೆ ಕಡಲೆಕಾಯಿ ಬರುತ್ತದೆ. ಮನೆಮಂದಿಯೆಲ್ಲ ಸುತ್ತ ಕುಳಿತು ಬೆಳಗಾಗುವುದರೊಳಗೆ ಅದನ್ನು ತಿಂದು ಮುಗಿಸುತ್ತಾರೆ. ಹಸಿವನ್ನು ಕುರಿತು ನಾವು ವೇದಿಕೆಗಳ ಮೇಲೆ ಮಾಡಿದ ಎಲ್ಲ ಭಾಷಣಗಳಿಗಿಂತ ಆ ಒಂದು ರಾತ್ರಿ ದೊಡ್ಡದು. ಅದರಲ್ಲಿ ಅಳುವಿಗಿಂತ ಸಂತೋಷವೇ ಹೆಚ್ಚು ಎಂಬುದು ಇನ್ನೂ ದೊಡ್ಡದು. ಭಾಷೆ ನಂಜನಗೂಡಿನ ಕಡೆಯದು. ಕರಾವಳಿಯ ನಮಗೆ ಮೊದಲು ಒಂದು ಸಾಲೂ ಹಿಡಿಯಲಿಲ್ಲ. ಮೈಸೂರಿನ ಕಡೆಯ ಒಬ್ಬ ಗೆಳೆಯ ಮಧ್ಯಾಹ್ನದ ಬಿಡುವಿನಲ್ಲಿ ಗಟ್ಟಿಯಾಗಿ ಓದಿ ಹೇಳಿದ; ಆಗ ಬೀಗ ತೆರೆಯಿತು. ಈ ಮಾತನ್ನು ಕೊನೆಯಲ್ಲಿ ಮತ್ತೆ ಎತ್ತುತ್ತೇವೆ.

ಈಗ ಹೋರಾಟದ ಪುಸ್ತಕಗಳು. ನಿರಂಜನರ 'ಚಿರಸ್ಮರಣೆ' 1955ರಲ್ಲಿ ಬಂತು. ಕಾಸರಗೋಡಿನ ಕಡೆಯ ಕಯ್ಯೂರಿನಲ್ಲಿ ಜಮೀನ್ದಾರರ ವಿರುದ್ಧ ಎದ್ದ ರೈತರ ಕತೆ ಅದು. 1943ರ ಮಾರ್ಚ್ 29ರಂದು ಆ ಊರಿನ ನಾಲ್ವರನ್ನು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ಕಾದಂಬರಿಯಲ್ಲಿ ಹುಡುಗರಿಗೆ ಅಕ್ಷರದ ಜೊತೆಗೆ ಲೋಕವನ್ನೂ ತೋರಿಸುವವರು ಒಬ್ಬ ಶಾಲೆಯ ಮಾಸ್ತರರು. ನಮಗೆ ಇದು ಬಹಳ ಪ್ರಿಯವಾದ ಪುಸ್ತಕ. ಆದರೂ ನಿಜ ಹೇಳಬೇಕು: ಇದರ ಸಂಗಾತಿಗಳು ತೀರಾ ಒಳ್ಳೆಯವರು. ನಮ್ಮ ಸಂಘಗಳಲ್ಲಿ ಚಂದಾ ಕೊಡದವರು, ಮುಷ್ಕರದ ಹಿಂದಿನ ರಾತ್ರಿ ಸೇಠರ ಮನೆಗೆ ಹೋಗಿ ಬಂದವರು, ಹೆದರಿದವರು ಎಲ್ಲರೂ ಇದ್ದಾರೆ. ಅವರನ್ನೂ ಕಟ್ಟಿಕೊಂಡು ಹೇಗೆ ನಡೆಯಬೇಕು ಎಂಬುದು ಅದರಿಂದ ನಮಗೆ ಸಿಕ್ಕಲಿಲ್ಲ. ಆ ಪಾಠಕ್ಕೆ ಮುಂಬಯಿಯಲ್ಲಿಯೇ ಬಾಳಿ ಬರೆದ ವ್ಯಾಸರಾಯ ಬಲ್ಲಾಳರ 'ಬಂಡಾಯ'ವನ್ನು ಓದಬೇಕು. 1986ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ಮಹಾನಗರದ ಕಾರ್ಮಿಕ ಹೋರಾಟ ಕನ್ನಡದಲ್ಲಿದೆ ಎಂದರೆ ನಮ್ಮ ಹುಡುಗರಿಗೆ ನಂಬಿಕೆಯಾಗುವುದಿಲ್ಲ. ಇದೆ, ಎರಡನೆಯ ಕಪಾಟಿನ ಕೆಳಗಿನ ಸಾಲಿನಲ್ಲಿದೆ.

ರಾಸಾಯನಿಕ ಕಾರಖಾನೆಗಳಲ್ಲಿ ದುಡಿಯುವ ಬಂಧುಗಳು ಇಲ್ಲಿ ಬಹಳ ಮಂದಿ ಇದ್ದೀರಿ. ನಿಮಗಾಗಿ ಯಶವಂತ ಚಿತ್ತಾಲರ 'ಶಿಕಾರಿ'ಯ ಮಾತು. 1979ರ ಕಾದಂಬರಿ. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು. ಮುಂಬಯಿಯಲ್ಲಿ ನೆಲೆಸಿ ಸ್ವತಃ ರಾಸಾಯನಿಕ ಉದ್ಯಮದಲ್ಲಿ ದುಡಿದವರು. ಇದರ ನಾಗಪ್ಪ ಒಂದು ದೊಡ್ಡ ರಾಸಾಯನಿಕ ಕಂಪೆನಿಯ ದೊಡ್ಡ ಅಧಿಕಾರಿ. ಒಂದು ದಿನ ಅವನನ್ನು ಕೆಲಸದಿಂದ ಅಮಾನತು ಮಾಡುತ್ತಾರೆ. ತನ್ನ ಮೇಲಿನ ಆರೋಪವೇನು, ಬೇಟೆಯಾಡುತ್ತಿರುವವರು ಯಾರು ಎಂದು ತಿಳಿಯದೆ ಅವನು ತತ್ತರಿಸುತ್ತಾನೆ. ನಾವು ಈ ಪುಸ್ತಕವನ್ನು ಎರಡು ಸಲ ಕೈಬಿಟ್ಟು ಮೂರನೆಯ ಸಲ ಮುಗಿಸಿದೆವು. ಅದರ ದೃಷ್ಟಿ ಮೇಲಿನ ಮಹಡಿಯಲ್ಲಿದೆ, ಯಂತ್ರದ ಬಳಿ ನಿಂತವನ ಹತ್ತಿರ ಬರುವುದು ಕಡಿಮೆ. ಆದರೂ ಒಂದು ಮಾತು ನಮ್ಮನ್ನು ಹಿಡಿಯಿತು: ಇಷ್ಟು ಓದಿದ, ಇಷ್ಟು ಸಂಬಳದ ಮನುಷ್ಯ ಒಂಟಿಯಾಗಿದ್ದ. ಅವನಿಗೆ ಸಂಘವಿರಲಿಲ್ಲ. ಮುಂದಿಟ್ಟ ಕಾಗದವನ್ನು ಓದಲು ಬಂದರೆ ಸಾಲದು, ಪಕ್ಕದಲ್ಲಿ ನಿಲ್ಲುವವರೂ ಬೇಕು.

ಇದು ಬರಿಯ ಕಾದಂಬರಿಯ ಮಾತಲ್ಲ. 2016ರ ಮೇ 26ರಂದು ಈ ಎಂಐಡಿಸಿಯ ಒಂದು ಕಾರಖಾನೆ ಸಿಡಿದು 12 ಮಂದಿ ಸತ್ತರು. 2024ರ ಮೇ 23ರಂದು ಮತ್ತೆ ಸ್ಫೋಟವಾಯಿತು. ಮತ್ತೆ ಹೆಣಗಳನ್ನು ಎಣಿಸಿದೆವು. ಪೀಪಾಯಿಯ ಮೇಲಿನ ಚೀಟಿಯಲ್ಲಿ ಏನು ಬರೆದಿದೆ ಎಂದು ಓದುವುದು ಇಲ್ಲಿ ಜೀವ ಉಳಿಸುವ ವಿದ್ಯೆ.

ಹೊಸ ಪುಸ್ತಕಗಳಿಗೆ ಬರೋಣ. ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರಲ್ಲಿ ಬಂತು. ಚಿಕ್ಕ ಮನೆಯಲ್ಲಿದ್ದ ಕುಟುಂಬವೊಂದು ಮಸಾಲೆ ವ್ಯಾಪಾರದಿಂದ ಶ್ರೀಮಂತವಾಗಿ ಒಳಗಿನಿಂದ ಕೊಳೆಯುವ ಕತೆ. ಅದರಲ್ಲಿ ವಿನ್ಸೆಂಟ್ ಎಂಬ ವೇಟರ್ ಇದ್ದಾನೆ. ಕತೆ ಹೇಳುವವನು ದಿನವೂ ಕಾಫಿ ಹೌಸಿಗೆ ಹೋಗಿ ಕೂರುತ್ತಾನೆ. ವಿನ್ಸೆಂಟನ ಒಂದು ಚಿಕ್ಕ ಮಾತಿನಲ್ಲಿಯೂ ಅವನಿಗೆ ದೊಡ್ಡ ಜ್ಞಾನ ಕಾಣುತ್ತದೆ. ಇದನ್ನು ಓದಿ ನಾವು ಬಹಳ ನಕ್ಕೆವು. ಹತ್ತು ವರ್ಷ ವೇಟರ್ ಆಗಿದ್ದವರಿಗೆ ಗೊತ್ತು, ಗಿರಾಕಿ ದುಃಖದಲ್ಲಿದ್ದಾಗ ನಾವು ಏನು ಹೇಳಿದರೂ ಅದು ವೇದಾಂತವಾಗುತ್ತದೆ. "ಇನ್ನೇನು ಬೇಕು ಸಾಹೇಬರೆ?" ಎಂದರೂ ಅವರು ನಿಟ್ಟುಸಿರು ಬಿಡುತ್ತಾರೆ. ಆದರೆ ಆ ಗಿರಾಕಿ ಒಂದು ದಿನವೂ ವಿನ್ಸೆಂಟನ ಮನೆ ಎಲ್ಲಿ, ಪಗಾರ ಎಷ್ಟು ಎಂದು ವಿಚಾರಿಸಿದ್ದು ನಮಗೆ ನೆನಪಿಲ್ಲ. ಇದು ಲೇಖಕರ ತಪ್ಪು ಎಂದು ಮೊದಲು ಸಿಟ್ಟು ಬಂತು. ಎರಡನೆಯ ಸಲ ಓದಿದಾಗ ತಿಳಿಯಿತು: ತನ್ನ ಮನೆಯ ಪಾಪವನ್ನೇ ನೋಡಲು ಒಲ್ಲದವನು ವೇಟರನ ಮನೆಯನ್ನು ಎಲ್ಲಿ ನೋಡುತ್ತಾನೆ? ಲೇಖಕರು ಅದನ್ನೇ ತೋರಿಸಿದ್ದಾರೆ. ಈಗ ನಮ್ಮ ಅಭಿಪ್ರಾಯ ಹೀಗಿದೆ: ಗಿರಾಕಿಯ ಕಡೆಯ ಪುಸ್ತಕ ಚೆನ್ನಾಗಿ ಬರೆದಾಗಿದೆ. ವಿನ್ಸೆಂಟನ ಕಡೆಯ ಪುಸ್ತಕ ಬರಬೇಕಾಗಿದೆ.

ಜಯಂತ ಕಾಯ್ಕಿಣಿ ಅವರ ಕತೆಗಳು ನಮಗೆ ಹತ್ತಿರ. ಗೋಕರ್ಣದವರು, ಮುಂಬಯಿಯಲ್ಲಿ ಬಹುಕಾಲ ಕೆಲಸ ಮಾಡಿದವರು. 'ತೂಫಾನ್ ಮೇಲ್' ಕತೆಯಲ್ಲಿ ಸಿನೆಮಾದಲ್ಲಿ ಬಿದ್ದು ಏಳುವ ಸ್ಟಂಟಿನ ಹುಡುಗನಿದ್ದಾನೆ. ಇನ್ನೊಂದು ಕತೆಯಲ್ಲಿ ಸಿನೆಮಾ ಮಂದಿರ ಗುಡಿಸುವವನಿಗೆ ಯಾರೋ ಮರೆತುಹೋದ ಚಹಾದ ಥರ್ಮಾಸ್ ಸಿಕ್ಕುತ್ತದೆ. ಜನ ಮರೆತು ಹೋದ ಕೊಡೆ, ಟಿಫಿನ್ ಡಬ್ಬಿ, ಮಗುವಿನ ಬೂಟು ಎತ್ತಿಟ್ಟ ನಮಗೆ ಆ ಥರ್ಮಾಸಿನ ಬಿಸಿ ಗೊತ್ತು. ತಕರಾರು ಒಂದೇ: ಅವರ ಕತೆಗಳಲ್ಲಿ ಎಲ್ಲರಿಗೂ ಕೊನೆಗೆ ಎದೆ ಕರಗುತ್ತದೆ, ಪಗಾರದ ಲೆಕ್ಕ ಕಡಿಮೆ. ಸಂಘದಲ್ಲಿ ಇದನ್ನು ಹೇಳಿದಾಗ ಒಬ್ಬ ಸೋದರಿ ನಮಗೆ ಬುದ್ಧಿ ಹೇಳಿದರು: "ಪಗಾರದ ಲೆಕ್ಕ ನೀವು ದಿನಾ ಹೇಳ್ತೀರಿ. ಎದೆಯ ಲೆಕ್ಕ ಯಾರಾದ್ರೂ ಬರೀಲಿ ಬಿಡಿ." ಒಪ್ಪಿಕೊಂಡೆವು.

ಬಾನು ಮುಷ್ತಾಕ್ ಅವರ ಹೆಸರನ್ನು ನೀವೆಲ್ಲ ಪತ್ರಿಕೆಯಲ್ಲಿ ಓದಿದ್ದೀರಿ. ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಿಸಿದವರು ದೀಪಾ ಭಾಸ್ತಿ. ಅವರ 'ಕರಿ ನಾಗರಗಳು' ಕತೆಯಲ್ಲಿ ಗಂಡ ಕೈಬಿಟ್ಟ ಹೆಂಗಸೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಎದುರು ನ್ಯಾಯಕ್ಕಾಗಿ ಕೂರುತ್ತಾಳೆ. ಬಂಧುಗಳೆ, ಅದು ಧರಣಿಯಲ್ಲದೆ ಮತ್ತೇನು? ನಮ್ಮ ಹಾಗೆ ಬಾವುಟ, ಮೈಕು, ಜೊತೆಯ ನೂರು ಮಂದಿ ಅವಳಿಗೆ ಇರಲಿಲ್ಲ. ಈ ಕತೆಗಳನ್ನು ಓದಿದ ಮೇಲೆ ನಮಗೆ ಮನೆಗೆ ಹೋಗಲು ಸ್ವಲ್ಪ ಮುಜುಗರವಾಯಿತು. ಎಂಟು ಗಂಟೆಯ ಕೆಲಸ ಎಂದು ಗೇಟಿನ ಮುಂದೆ ಕೂಗುತ್ತೇವೆ. ಮನೆಯಲ್ಲಿ ಹದಿನಾರು ಗಂಟೆ ದುಡಿಯುವವರ ಎದುರು ನಾವೇ ಸೇಠರು.

ಈಗ ಕೊನೆಯ ಮಾತು, ಕಪಾಟಿನ ಮಾತು. ಹೋಟೆಲಿನವನಿಗೆ ಪುಸ್ತಕ ಏತಕ್ಕೆ ಎಂದು ಕೇಳುವವರಿಗೆ ಇಬ್ಬರು ಪಾತ್ರೆ ತೊಳೆದವರ ಹೆಸರು ಹೇಳುತ್ತೇವೆ. ರಷ್ಯದ ಮಾಕ್ಸಿಂ ಗೋರ್ಕಿ ಹುಡುಗನಾಗಿದ್ದಾಗ ವೋಲ್ಗಾ ನದಿಯ ಹಡಗಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ಆ ಹಡಗಿನ ಅಡಿಗೆಯವನು ಸ್ಮೂರಿ. ಅವನ ಪೆಟ್ಟಿಗೆ ತುಂಬ ಪುಸ್ತಕ. ಅವನು ಈ ಹುಡುಗನನ್ನು ಕೂರಿಸಿ ಗಟ್ಟಿಯಾಗಿ ಓದಿಸುತ್ತಿದ್ದ. ಮುಂದೆ ಗೋರ್ಕಿ ತಮ್ಮ ಬಾಳಿನ ಕತೆಯ ಒಂದು ಭಾಗಕ್ಕೆ 'ನನ್ನ ವಿಶ್ವವಿದ್ಯಾಲಯಗಳು' ಎಂದು ಹೆಸರಿಟ್ಟರು. ಎರಡನೆಯವರು ನಮ್ಮ ಮುಂಬಯಿಯವರೇ, ಮರಾಠಿ ಕವಿ ನಾರಾಯಣ ಸುರ್ವೆ. ಅನಾಥ ಶಿಶುವಾಗಿ ಗಿರಣಿ ಕಾರ್ಮಿಕರ ಮನೆಯಲ್ಲಿ ಬೆಳೆದು, ಹೋಟೆಲಿನಲ್ಲಿ ಪಾತ್ರೆ ತೊಳೆದು, ಗಿರಣಿಯಲ್ಲಿ ದುಡಿದವರು. 1966ರ ಅವರ ಕವನ ಸಂಗ್ರಹದ ಹೆಸರು 'ಮಾಝೆ ವಿದ್ಯಾಪೀಠ', ಎಂದರೆ ನನ್ನ ವಿಶ್ವವಿದ್ಯಾಲಯ. ಇಬ್ಬರು ಮೋರಿಯವರು, ಎರಡು ದೇಶ, ಪುಸ್ತಕದ ಹೆಸರು ಹೆಚ್ಚು ಕಡಿಮೆ ಒಂದೇ. 2017ರ ಫೆಬ್ರವರಿಯಲ್ಲಿ 90ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆದ ಊರು ಈ ಡೊಂಬಿವಲಿ. ಇಂಥ ಊರಿನಲ್ಲಿದ್ದು ನಾವು ಎರಡು ಕಪಾಟನ್ನು ಕಿಲೋ ಲೆಕ್ಕದಲ್ಲಿ ತೂಗಿಸಿದರೆ ಚೆನ್ನಾಗಿ ಕಾಣುವುದಿಲ್ಲ.

ಆದರೆ ಮುಚ್ಚಿದ ಕಪಾಟನ್ನು ಕಾಯಿರಿ ಎಂದೂ ನಾವು ಹೇಳುವುದಿಲ್ಲ. ಸೂಚನೆ ತಂದ ಮಿತ್ರರ ಮಾತು ನಿಜ, ಯಾರೂ ಒಯ್ಯುತ್ತಿಲ್ಲ. ನಮ್ಮ ಮಕ್ಕಳು ಇಂಗ್ಲಿಷ್, ಮರಾಠಿ ಶಾಲೆಗಳಲ್ಲಿ ಓದುತ್ತಾರೆ. ಕನ್ನಡ ಆಡುತ್ತಾರೆ, ಅಕ್ಷರ ಬಾರದು. ನಮ್ಮವರಿಗೋ ಪಾಳಿ ಮುಗಿದಾಗ ಕಣ್ಣು ನಿಲ್ಲುವುದಿಲ್ಲ. ಆದುದರಿಂದ ನಮ್ಮ ತಿದ್ದುಪಡಿ ಇದು. ವಾರಕ್ಕೆ ಒಂದು ದಿನ, ಹೋಟೆಲಿನವರಿಗೆ ಬಿಡುವಿರುವ ಮಧ್ಯಾಹ್ನ 3ರಿಂದ 5ರ ನಡುವೆ, ಈ ಕೋಣೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಕಾರಖಾನೆಯವರಿಗೆ ರಾತ್ರಿ ಬೇರೆ ಹೊತ್ತು ಇಡೋಣ. ಮೊದಲ ಪುಸ್ತಕ 'ಒಡಲಾಳ'ವಾಗಲಿ. ಪುಸ್ತಕ ಮುಗಿದ ಮೇಲೆ ಅರ್ಧ ಗಂಟೆ, ಯಾರ ಕೈಯಲ್ಲಿ ಯಾವ ಕಾಗದ ಇದೆಯೋ ಅದನ್ನು ಓದಬೇಕು: ಪಗಾರದ ಚೀಟಿ, ಪಿ.ಎಫ್. ಲೆಕ್ಕ, ಇ.ಎಸ್.ಐ. ಚೀಟಿ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಬಗ್ಗೆ ನಮ್ಮ ಸಂಘಟನೆಗಳ ತಕರಾರು ಬೇರೆಯೇ ಇದೆ. ಆದರೆ ಎಲ್ಲ ಕಾರ್ಮಿಕರಿಗೂ ನೇಮಕಾತಿ ಪತ್ರ ಕೊಡಬೇಕು ಎಂಬ ಮಾತು ಅವುಗಳಲ್ಲಿದೆ. ಪತ್ರ ಬಂದೀತು. ಅದರಲ್ಲಿ ಏನಿದೆ ಎಂದು ಓದಿ ಹೇಳುವವರು ಬೇಡವೆ?

ಕುರ್ಚಿಗಳ ಮಾತು ಉಳಿಯಿತು. ಕಪಾಟುಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ನೆಲದ ಮೇಲೆ ಮೂವತ್ತು ಮಂದಿ ಕೂರಬಹುದು. ನಿನ್ನೆ ಅಳೆದು ನೋಡಿದ್ದೇವೆ. ಚಾಪೆ ನಾವು ತರುತ್ತೇವೆ. ಮೊದಲ ದಿನ ಓದುವ ಕೆಲಸವನ್ನೂ ನಮಗೇ ಕೊಡಿ. ಒಂದು ಕಾಗದ ಓದದೆ ಬಿಟ್ಟ ಬಾಕಿ ನಮ್ಮ ಮೇಲಿದೆ.